ಕಣ್ಣು ಹೋದ ಗೆಲಿಲಿಯೋಗೆ ಕಣ್ಣಾದ 17ರ ಹುಡುಗ

ಪೀಸಾದ ವಾಲುಗೋಪುರ ಹತ್ತಿ, ಬೇರೆ ಬೇರೆ ತೂಕದ ಗುಂಡುಗಳನ್ನ ಕೆಳಗೆ ಬಿಟ್ಟು, ಎಲ್ಲ ಒಟ್ಟಿಗೇ ನೆಲ ಮುಟ್ಟುತ್ತವೆ ಅಂತ ತೋರಿಸಿದ ಗೆಲಿಲಿಯೋ ಕಥೆ ಹೈಸ್ಕೂಲು ಓದಿದ ಎಲ್ಲರಿಗೂ ಗೊತ್ತು. ಚರ್ಚಿನಲ್ಲಿ ತೂಗಾಡ್ತಿದ್ದ ದೀಪ ನೋಡಿ, ತನ್ನದೇ ನಾಡಿ ಹಿಡಿದು ಎಣಿಸಿ ಲೋಲಕದ ಗುಟ್ಟು ಕಂಡುಕೊಂಡರು ಅನ್ನೋದೂ ಗೊತ್ತು. ಆದ್ರೆ ಈ ಎರಡೂ ಕಥೆಗಳನ್ನ ಜಗತ್ತಿಗೆ ಹೇಳಿದ್ದು ಯಾರು ಅಂತ ಕೇಳಿದ್ರೆ ಸೈನ್ಸ್ ಮೇಷ್ಟ್ರೂ ಒಂದು ಗಳಿಗೆ ತಡವರಿಸಬಹುದು. ಹೇಳಿದ್ದು ಗೆಲಿಲಿಯೋ ಅಲ್ಲ. ವಿನ್ಸೆಂಜೊ ವಿವಿಯಾನಿ ಅನ್ನೋ ಹುಡುಗ. ಎರಡೂ ಕಣ್ಣು ಹೋಗಿ, ಮನೆ ಬಿಟ್ಟು ಹೊರಗೆ ಹೋಗಬಾರದು ಅನ್ನೋ ಶಿಕ್ಷೆ ಹೊತ್ತು ಕೂತಿದ್ದ 75ರ ಮುದುಕರ ಮನೆಗೆ, 17ನೇ ವಯಸ್ಸಿಗೆ ಬಂದು ಸೇರಿಕೊಂಡವನು.

ಜೊತೆಗಿದ್ದದ್ದು ಮೂರು ವರ್ಷದೊಳಗೆ. ಆ ಋಣ ತೀರಿಸೋಕೆ ಹುಡುಗನಿಗೆ ಒಂದು ಜನ್ಮ ಸಾಕಾಗಲಿಲ್ಲ, ಸತ್ತ ಮೇಲೂ 34 ವರ್ಷ ಬೇಕಾಯ್ತು.

ಗೆಲಿಲಿಯೋ ಹುಟ್ಟಿದ್ದು 1564ರ ಫೆಬ್ರುವರಿ 15ರಂದು, ಇಟಲಿಯ ಪೀಸಾದಲ್ಲಿ. ತಂದೆ ಸಂಗೀತಗಾರರು, ಲ್ಯೂಟ್ ಅನ್ನೋ ತಂತಿವಾದ್ಯದಲ್ಲಿ ಪಳಗಿದ ಕೈ. ಸಂಗೀತದಲ್ಲಿ ಹೆಸರು ಬರುತ್ತೆ, ಕಾಸು ಬರಲ್ಲ ಅನ್ನೋದು ಅವರಿಗೂ ಗೊತ್ತಿತ್ತು. ಮಗ ವೈದ್ಯನಾಗಲಿ ಅಂತ 1581ರಲ್ಲಿ ಪೀಸಾ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. ಮಗನಿಗೆ ಗಣಿತದ ಹುಚ್ಚು ಹತ್ತಿತು. ನಾಲ್ಕು ವರ್ಷ ಕಳೆದು, ಡಿಗ್ರಿ ಇಲ್ಲದೆ ಮನೆಗೆ ವಾಪಸ್. ಅಲ್ಲಿ ಇಲ್ಲಿ ಪಾಠ ಹೇಳಿಕೊಂಡು ಕಾಲ ತಳ್ಳಿ, 1589ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಗಣಿತದ ಮೇಷ್ಟ್ರಾಗಿ ಹೋದರು.

1592ರಲ್ಲಿ ಪಡುವಾ ಊರಿಗೆ ಹೋದ ಮೇಲೆ ಅಲ್ಲೇ 18 ವರ್ಷ. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರು, ತಂಗಿಯರ ವರದಕ್ಷಿಣೆ ಭಾರ ಹಿರಿಮಗನ ತಲೆ ಮೇಲೆ ಬಿತ್ತು. ಮೇಷ್ಟ್ರ ಸಂಬಳ ಎಲ್ಲಿಗೆ ಸಾಕು? ಮನೆಯಲ್ಲೇ ವಿದ್ಯಾರ್ಥಿಗಳಿಗೆ ಊಟ, ವಸತಿ ಕೊಟ್ಟು ದುಡ್ಡು ತಗೊಂಡರು. ಲೆಕ್ಕ ಮಾಡೋಕೆ ಬಳಸೋ ಕೈವಾರದಂಥ ಒಂದು ಉಪಕರಣ ರೂಪಿಸಿ, ಕುಶಲಕರ್ಮಿಯೊಬ್ಬನನ್ನ ಮನೆಯಲ್ಲೇ ಇಟ್ಟುಕೊಂಡು ಮಾಡಿಸಿ ಮಾರಿದರು. ಉಪಕರಣದ ಜೊತೆಗೆ ಅದನ್ನ ಬಳಸೋದು ಹೇಗೆ ಅಂತ ಪಾಠವೂ ಉಂಟು, ಅದಕ್ಕೆ ಬೇರೆ ಫೀಸು. ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಿಕೊಡೋ ವಿಷಯ ಅಲ್ಲ ಇದು. ದೊಡ್ಡ ವಿಜ್ಞಾನಿ ಅಂದ್ರೆ ಆಕಾಶ ನೋಡ್ತಾ ಕೂತಿರ್ತಾರೆ ಅಂದುಕೊಂಡವರಿಗೆ ಮಾತ್ರ ಇಷ್ಟು ಹೇಳಬೇಕಾಯ್ತು.

ಆಕಾಶ ನೋಡಿದ್ದು 1609ರ ನಂತರ. ದೂರದ್ದನ್ನ ಹತ್ತಿರ ಮಾಡಿ ತೋರಿಸೋ ಕೊಳವೆಯೊಂದನ್ನ ಹಾಲೆಂಡ್ ಕಡೆಯವರು ಮಾಡಿದ್ದಾರೆ ಅನ್ನೋ ಸುದ್ದಿ ಕಿವಿಗೆ ಬಿದ್ದದ್ದೇ ತಡ, ತಾವೇ ಗಾಜು ಉಜ್ಜಿ ಅದಕ್ಕಿಂತ ಒಳ್ಳೇದು ಮಾಡಿಕೊಂಡರು. ಚಂದ್ರನ ಮೇಲೆ ಬೆಟ್ಟ ಗುಡ್ಡ ಕಂಡವು. 1610ರ ಜನವರಿಯಲ್ಲಿ ಗುರುಗ್ರಹದ ಸುತ್ತ ನಾಲ್ಕು ಚಿಕ್ಕ ಚುಕ್ಕಿಗಳು ಜಾಗ ಬದಲಾಯಿಸ್ತಾ ಇರೋದು ಕಂಡಿತು. ಎಲ್ಲವೂ ಭೂಮಿಯನ್ನೇ ಸುತ್ತುತ್ತೆ ಅಂತ ನಂಬಿದ್ದ ಕಾಲಕ್ಕೆ ಅದು ಸಣ್ಣ ಸುದ್ದಿ ಅಲ್ಲ. ಆ ನಾಲ್ಕು ಉಪಗ್ರಹಗಳಿಗೆ ಫ್ಲಾರೆನ್ಸಿನ ಮೆಡಿಚಿ ದೊರೆಮನೆತನದ ಹೆಸರಿಟ್ಟರು, ಆ ಮನೆತನದ ಆಸ್ಥಾನದಲ್ಲಿ ಕೆಲಸವೂ ಸಿಕ್ಕಿತು.

ಮುಂದಿನದು ಎಲ್ಲರಿಗೂ ಗೊತ್ತಿರೋದೇ. ಸೂರ್ಯ ನಿಂತಿದ್ದಾನೆ, ಭೂಮಿ ಸುತ್ತುತ್ತೆ ಅನ್ನೋ ವಿಚಾರಕ್ಕೆ 1616ರಲ್ಲಿ ಎಚ್ಚರಿಕೆ ಬಂತು. 1632ರಲ್ಲಿ ಅದೇ ವಿಚಾರ ಹಿಡಿದು, ಪಂಡಿತರ ಲ್ಯಾಟಿನ್ ಬಿಟ್ಟು ಜನರಾಡೋ ಇಟಾಲಿಯನ್‌ನಲ್ಲೇ ದೊಡ್ಡ ಪುಸ್ತಕ ಬರೆದರು. ರೋಮಿನಲ್ಲಿ ವಿಚಾರಣೆ ನಡೆಯಿತು. 1633ರ ಜೂನ್ 22ರಂದು, ಸುಮಾರು 70ರ ವಯಸ್ಸಲ್ಲಿ, ಮಂಡಿಯೂರಿ ತಮ್ಮ ಮಾತು ತಾವೇ ತಳ್ಳಿಹಾಕಬೇಕಾಯ್ತು. ಪುಸ್ತಕಕ್ಕೆ ನಿಷೇಧ, ಬರೆದವರಿಗೆ ಸಾಯೋವರೆಗೂ ಬಂಧನ. ಜೈಲಿನ ಬದಲು ಗೃಹಬಂಧನ ಅಂತ ಆಮೇಲೆ ಸಡಿಲಿಸಿದರು.

ಆ ವರ್ಷದ ಕೊನೆಗೆ ಫ್ಲಾರೆನ್ಸ್ ಹೊರವಲಯದ ಗುಡ್ಡದ ಮೇಲಿನ ಆರ್ಚೆಟ್ರಿ ಅನ್ನೋ ಹಳ್ಳಿಯ ಮನೆಗೆ ಬಂದರು. ದ್ರಾಕ್ಷಿ ಬಳ್ಳಿ, ಹಣ್ಣಿನ ಗಿಡ ಇದ್ದ ಮನೆ. ಬಳ್ಳಿ ಕತ್ತರಿಸೋದು, ಕಟ್ಟೋದು ಅವರ ಕೈಗೆ ಒಗ್ಗಿದ ಕೆಲಸ. ಕೂಗಳತೆ ದೂರದಲ್ಲಿ ಸನ್ಯಾಸಿನಿಯರ ಮಠ, ಅಲ್ಲಿ ದೊಡ್ಡ ಮಗಳು ಮರಿಯ ಚೆಲೆಸ್ತೆ. ತಂದೆಯ ಅಂಗಿ ಹೊಲಿದು ಕಳಿಸೋದು, ಸಿಹಿ ಮಾಡಿ ಕಳಿಸೋದು, ಕಾಗದ ಬರೆದು ಧೈರ್ಯ ತುಂಬೋದು ಎಲ್ಲ ಅವಳೇ. ಮಗಳು ಹತ್ತಿರ ಇದ್ದಾಳೆ ಅನ್ನೋ ಒಂದು ಸಮಾಧಾನಕ್ಕೆ ಬಂದ ತಂದೆಗೆ ಅದೂ ಉಳಿಯಲಿಲ್ಲ. 1634ರ ಏಪ್ರಿಲ್‌ನಲ್ಲಿ, 33ರ ವಯಸ್ಸಿಗೇ ಅವಳು ತೀರಿಕೊಂಡಳು.

ಅದಾದ ಮೂರು ವರ್ಷಕ್ಕೆ ಕಣ್ಣು. 1637ರ ನಡುವಿಗೆ ಬಲಗಣ್ಣು ಹೋಯಿತು, ವರ್ಷ ಮುಗಿಯೋ ಹೊತ್ತಿಗೆ ಎಡಗಣ್ಣೂ ಹೋಯಿತು. ಕಣ್ಣು ಮಂಜಾಗ್ತಿರೋ ಅದೇ ವರ್ಷ ಅವರು ಚಂದ್ರನಲ್ಲಿ ಇನ್ನೊಂದು ಹೊಸದನ್ನ ಕಂಡಿದ್ದರು: ನಮಗೆ ಯಾವಾಗಲೂ ಒಂದೇ ಮುಖ ತೋರಿಸೋ ಚಂದ್ರ ಸ್ವಲ್ಪವೇ ತಲೆಯಾಡಿಸ್ತಾನೆ, ಅಂಚಿನ ಭಾಗ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತೆ ಅನ್ನೋದನ್ನ. ಅದೇ ಕೊನೆ. ಹಿಂದೆ ಯಾರೂ ಕಾಣದಷ್ಟು ದೂರ ನೋಡಿದ ಕಣ್ಣಿಗೆ ಎದುರಿನ ಗೋಡೆಯೂ ಕಾಣದಂತಾಯ್ತು.

ಚಿಕಿತ್ಸೆಗೆ ಫ್ಲಾರೆನ್ಸ್ ಪಟ್ಟಣಕ್ಕೆ ಹೋಗೋಕೂ ಅಪ್ಪಣೆ ಬೇಕು. 1638ರಲ್ಲಿ ಚರ್ಚಿನ ಅಧಿಕಾರಿ ವೈದ್ಯರನ್ನ ಜೊತೆಗಿಟ್ಟುಕೊಂಡು ಬಂದು, ನಿಜವಾಗಿಯೂ ಕುರುಡಾಗಿದ್ದಾರಾ ಅಂತ ಪರೀಕ್ಷೆ ಮಾಡಿಸಿ ವರದಿ ಕಳಿಸಿದರು. ಪೂರ್ತಿ ಕಾಣ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮಗನ ಮನೆಗೆ ಹೋಗಬಹುದು ಅಂದರು, ಆದರೆ ಊರೊಳಗೆ ತಿರುಗಬಾರದು, ಭೂಮಿ ಸುತ್ತೋ ವಿಚಾರ ಯಾರ ಹತ್ತಿರವೂ ಎತ್ತಬಾರದು ಅನ್ನೋ ಷರತ್ತು. ಅಂಗವೈಕಲ್ಯದ ಸರ್ಟಿಫಿಕೇಟ್‌ಗೆ ಕಚೇರಿ ಅಲೆದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಸ್ವಲ್ಪ ಕಾಲ ಅಲ್ಲಿದ್ದು ಮತ್ತೆ ಆರ್ಚೆಟ್ರಿಗೇ ಮರಳಿದರು.

ಇಷ್ಟರ ನಡುವೆ ಅವರ ಕೊನೆಯ ದೊಡ್ಡ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯ್ತು. ವಸ್ತುಗಳು ಹೇಗೆ ಬೀಳುತ್ತವೆ, ತೊಲೆ ಎಷ್ಟು ಭಾರ ತಾಳುತ್ತೆ, ಎಸೆದ ಕಲ್ಲು ಯಾವ ದಾರಿಯಲ್ಲಿ ಹೋಗುತ್ತೆ ಅನ್ನೋ ಜೀವಮಾನದ ದುಡಿಮೆ ಅದು. ಇಟಲಿಯಲ್ಲಿ ಅವರ ಪುಸ್ತಕ ಅಚ್ಚು ಹಾಕುವಂತಿರಲಿಲ್ಲ. ಪ್ರತಿ ಮನೆಗೆ ಬರೋ ಹೊತ್ತಿಗೆ ಕೈಯಲ್ಲಿ ಮುಟ್ಟಿ ನೋಡಬಹುದಿತ್ತು, ಅಷ್ಟೇ.

ತಲೆ ಮಾತ್ರ ನಿಂತಿರಲಿಲ್ಲ. ರಾತ್ರಿ ನಿದ್ದೆ ಬರ್ತಿರಲಿಲ್ಲ, ಕೀಲುನೋವು, ಹರ್ನಿಯಾ ಬೇರೆ. ಕತ್ತಲಲ್ಲಿ ಮಲಗಿ ಲೆಕ್ಕ ಹಾಕ್ತಿದ್ದರು. ಹಾಕಿದ ಲೆಕ್ಕ ಬರೆದಿಡೋರು ಬೇಕಲ್ಲ. ಕಾಗದ ಬರೆದುಕೊಡೋಕೆ ಪಾದ್ರಿಯೊಬ್ಬರು ಇದ್ದರು, ಆಗಾಗ ಬಂದು ಹೋಗೋರು ಒಬ್ಬಿಬ್ಬರು. ಆದ್ರೆ ಹೇಳಿದ್ದನ್ನ ಬರೆಯೋದು ಬೇರೆ, ಹೇಳ್ತಿರೋದು ಏನು ಅಂತ ಅರ್ಥ ಮಾಡಿಕೊಂಡು ಬರೆಯೋದು ಬೇರೆ.

ವಿವಿಯಾನಿ ಬಂದದ್ದು ಆ ಹೊತ್ತಿಗೆ. 1622ರ ಏಪ್ರಿಲ್ 5ರಂದು ಫ್ಲಾರೆನ್ಸಿನಲ್ಲೇ ಹುಟ್ಟಿದ ಹುಡುಗ. ಬಡ ಮಕ್ಕಳಿಗೆ ಪುಕ್ಕಟೆ ಪಾಠ ಹೇಳೋ ಪಾದ್ರಿಗಳ ಒಂದು ಪಂಥ ಆ ಊರಲ್ಲಿತ್ತು. ಅದರಲ್ಲಿದ್ದ ಕ್ಲೆಮೆಂತೆ ಸೆತ್ತಿಮಿ ಅನ್ನೋ ಮೇಷ್ಟ್ರು ಇವನಿಗೆ ಯೂಕ್ಲಿಡ್‌ನ ರೇಖಾಗಣಿತ ಹೇಳಿಕೊಟ್ಟರು. ಹುಡುಗ ಒಂದು ಹೇಳಿದ್ರೆ ಎರಡು ಗ್ರಹಿಸೋನು. 1638ರಲ್ಲಿ ದೊರೆ ಎರಡನೇ ಫರ್ಡಿನಾಂಡೊ ಮುಂದೆ ನಿಲ್ಲಿಸಿದಾಗ ದೊರೆಗೂ ಮೆಚ್ಚುಗೆಯಾಗಿ, ಗಣಿತದ ಪುಸ್ತಕ ಕೊಳ್ಳೋಕೆ ಅಂತ ಹಣ ಗೊತ್ತು ಮಾಡಿದರು, ಗೆಲಿಲಿಯೋ ಪರಿಚಯಕ್ಕೂ ದಾರಿ ಮಾಡಿಕೊಟ್ಟರು. 1639ರಲ್ಲಿ ಹುಡುಗ ಗಂಟುಮೂಟೆ ಕಟ್ಟಿಕೊಂಡು ಆರ್ಚೆಟ್ರಿ ಮನೆಗೇ ಬಂದುಬಿಟ್ಟ.

ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಆ ಮನೆಗೆ ಹೋಗಿಬರೋರ ಮೇಲೆ ಚರ್ಚಿನ ಕಣ್ಣಿತ್ತು, ಜನ ಕೂಡಿಸಬಾರದು ಅನ್ನೋ ಆಜ್ಞೆಯಿತ್ತು. ಬದುಕು ಇನ್ನೂ ಶುರುವಾಗಬೇಕಿದ್ದ ಹುಡುಗ, ಕಳಂಕ ಹೊತ್ತ ಮುದುಕರ ಜೊತೆ ಸೇರೋದು ಅಂದ್ರೆ ಮುಂದಿನ ದಾರಿ ತಾನೇ ಮುಚ್ಚಿಕೊಂಡಂತೆ ಅಂತ ಲೆಕ್ಕ ಹಾಕೋರು ಆ ಕಾಲದಲ್ಲೂ ಇದ್ದಿರಲೇಬೇಕು.

ಆ ಮನೆಯಲ್ಲಿ ಅವನ ಕೆಲಸ ಏನು? ಬಂದ ಪತ್ರ ಓದಿ ಹೇಳೋದು, ಉತ್ತರ ಬರೆಯೋದು, ಪುಸ್ತಕ ಓದೋದು, ಚಿತ್ರ ಬಿಡಿಸೋದು. ಈ ಕೊನೆಯದು ನೋಡೋಕೆ ಸುಲಭ, ಮಾಡೋಕೆ ಕಷ್ಟ. ಕಣ್ಣಿದ್ದೋರಿಗೇ ಕಾಗದದ ಮೇಲಿನ ತ್ರಿಕೋನ, ವೃತ್ತ ಗೊಂದಲ ಹುಟ್ಟಿಸುತ್ತೆ. ಇಲ್ಲಿ ಗುರುವಿಗೆ ಆಕೃತಿ ಇರೋದು ತಲೆಯೊಳಗೆ, ಶಿಷ್ಯನಿಗೆ ಕಾಗದದ ಮೇಲೆ. ಎರಡೂ ಒಂದೇ ಆಗಿರಬೇಕಾದ್ರೆ ಪ್ರತಿಯೊಂದು ಗೆರೆಯನ್ನೂ ಬಾಯಿಮಾತಲ್ಲೇ ಹೇಳಿ ಒಪ್ಪಿಸಬೇಕು. ನಡುನಡುವೆ ಮುದುಕರು ತಮ್ಮ ಹಳೇ ದಿನದ ಕಥೆಗಳಿಗೆ ಜಾರ್ತಿದ್ದರು: ಪೀಸಾ, ಪಡುವಾ, ತಂದೆಯ ವಾದ್ಯ, ದೂರದರ್ಶಕ. ಕವಿಗಳ ಸಾಲುಗಳು ಅವರಿಗೆ ಬಾಯಿಪಾಠ ಇದ್ದವು. ಹುಡುಗ ಎಲ್ಲ ಕೇಳಿಸಿಕೊಂಡ. ಯಾವುದನ್ನೂ ಮರೆಯಲಿಲ್ಲ.

ಕೇಳಿಸಿಕೊಂಡಿದ್ದಷ್ಟೇ ಅಲ್ಲ, ಎದುರು ಪ್ರಶ್ನೆಯೂ ಹಾಕಿದ. ಈ ಗೆಳೆತನದಲ್ಲಿ ಎಲ್ಲಕ್ಕಿಂತ ಚೆಂದದ ಭಾಗ ಇದು.

ಲೈಡನ್‌ನಲ್ಲಿ ಅಚ್ಚಾದ ಪುಸ್ತಕವನ್ನ ಹುಡುಗ ಓದ್ತಾ ಹೋದಾಗ ಒಂದು ಕಡೆ ತಡೆಯಿತು. ಅಲ್ಲಿ ಗೆಲಿಲಿಯೋ ಒಂದು ಮಾತನ್ನ ಸಾಕಷ್ಟು ಸಾಧಿಸದೇ ಹಾಗೇ ಒಪ್ಪಿಕೊಳ್ಳಿ ಅನ್ನೋ ರೀತಿ ಇಟ್ಟಿದ್ದರು. ವಿಷಯ ಇಷ್ಟು: ಲಾರಿಯಿಂದ ಡ್ರಮ್ ಇಳಿಸಬೇಕು ಅಂತಿಟ್ಟುಕೊಳ್ಳಿ. ಒಂದು ಗಿಡ್ಡ ಹಲಗೆ ಕೊಟ್ಟರೆ ಇಳಿಜಾರು ಕಡಿದು, ಉದ್ದನೆಯ ಹಲಗೆ ಕೊಟ್ಟರೆ ಇಳಿಜಾರು ಸಾವಕಾಶ. ಯಾವ ಹಲಗೆ ಮೇಲೆ ಉರುಳಿ ಬಂದ್ರೂ, ತಿಕ್ಕಾಟ ಲೆಕ್ಕಕ್ಕೆ ಹಿಡಿಯದಿದ್ರೆ, ನೆಲ ಮುಟ್ಟೋ ಹೊತ್ತಿಗೆ ಡ್ರಮ್ಮಿನ ವೇಗ ಒಂದೇ. ತಗಲೋ ಸಮಯ ಬೇರೆ, ಕೊನೆಯ ವೇಗ ಒಂದೇ, ಯಾಕಂದ್ರೆ ಲಾರಿ ಎತ್ತರ ಒಂದೇ. ಇದು ನಿಜ. ಆದ್ರೆ ಯಾಕೆ ನಿಜ? ಪುಸ್ತಕದ ಎಷ್ಟೋ ಲೆಕ್ಕಗಳು ಈ ಒಂದು ಮಾತಿನ ಮೇಲೆ ನಿಂತಿವೆ, ಈ ಮಾತಿಗೆ ಇನ್ನೂ ಗಟ್ಟಿ ಆಧಾರ ಬೇಡವಾ ಅಂತ ಹುಡುಗ ಕೇಳಿದ.

ಯುರೋಪಿಗೇ ಹೆಸರಾದ ಗುರು, 17ರ ಹುಡುಗ. ಬಾಯಿ ಮುಚ್ಚು ಅನ್ನಬಹುದಿತ್ತು. ಗೆಲಿಲಿಯೋ ಹಾಗೆ ಮಾಡಲಿಲ್ಲ. ನಿದ್ದೆ ಬಾರದ ಒಂದು ರಾತ್ರಿ ಅದನ್ನೇ ತಲೆಯಲ್ಲಿ ತಿರುವಿ ತಿರುವಿ, ಬೆಳಗಾಗೋ ಹೊತ್ತಿಗೆ ಸಾಧನೆ ಹುಡುಕಿಬಿಟ್ಟರು. ಹುಡುಗನಿಗೆ ಹೇಳಿದರು, ಅವನು ಬರೆದುಕೊಂಡ. 1639ರ ಡಿಸೆಂಬರಿನಲ್ಲಿ ತಮ್ಮ ಹಳೇ ಶಿಷ್ಯ ಕಸ್ತೆಲ್ಲಿಗೆ ಪತ್ರ ಬರೆಸಿ, ಈ ಹುಡುಗನ ಅನುಮಾನದಿಂದ ಇದು ಹೊಳೀತು ಅಂತ ತಿಳಿಸಿದರು. ಪತ್ರದಲ್ಲಿ ಅವನನ್ನ ತಮ್ಮ ಅತಿಥಿ ಮತ್ತು ಶಿಷ್ಯ ಅಂತ ಕರೆದಿದ್ದಾರೆ. ಶಿಷ್ಯನಿಗಿಂತ ಮೊದಲು ಅತಿಥಿ ಅನ್ನೋ ಮಾತು ಗಮನಿಸಬೇಕು. ಆ ಸಾಧನೆ 1656ರಲ್ಲಿ ಬೊಲೋನ್ಯದಲ್ಲಿ ಬಂದ ಮರುಮುದ್ರಣದೊಳಗೆ ಸೇರಿತು, ಇವತ್ತಿಗೂ ಅಲ್ಲೇ ಇದೆ.

ಕುರುಡುತನದಲ್ಲಿ ಹುಟ್ಟಿದ ಇನ್ನೊಂದು ವಿಚಾರ ಗಡಿಯಾರದ್ದು. 1641ರಲ್ಲಿ ಗೆಲಿಲಿಯೋಗೆ ಲೋಲಕವನ್ನ ಗಡಿಯಾರಕ್ಕೆ ಜೋಡಿಸಬಹುದು ಅಂತ ಹೊಳೀತು. ತಾವು ಬರೆಯೋಕಾಗಲ್ಲ. ಮಗನಿಗೆ ವಿವರಿಸಿದರು, ಮಗ ನಕ್ಷೆ ಹಾಕಿದ. ಇದನ್ನೂ ನಮಗೆ ತಿಳಿಸಿದ್ದು ವಿವಿಯಾನಿ. ಆದ್ರೆ ಕೆಲಸ ಕೈಗೂಡಲಿಲ್ಲ, ಮಗ ಗಡಿಯಾರ ಮಾಡೋಕೆ ಹೊರಟದ್ದು 1649ರಲ್ಲಿ, ಅದೇ ವರ್ಷ ಅವನೂ ತೀರಿಕೊಂಡ. ಮುಂದೆ ಲೋಲಕದ ಗಡಿಯಾರ ಮಾಡಿದ ಕೀರ್ತಿ ಹಾಲೆಂಡಿನ ಹೈಗೆನ್ಸ್ ಪಾಲಾಯಿತು.

1641ರ ಅಕ್ಟೋಬರಿನಲ್ಲಿ ಇನ್ನೊಬ್ಬರು ಮನೆಗೆ ಬಂದು ಸೇರಿದರು, 33 ವರ್ಷದ ಟೊರಿಚೆಲ್ಲಿ. ವಯಸ್ಸಲ್ಲಿ, ಓದಿನಲ್ಲಿ ವಿವಿಯಾನಿಗಿಂತ ಎಷ್ಟೋ ಮುಂದೆ. ಹೊಸಬರು ಬಂದ್ರೆ ಹಳಬರಿಗೆ ಹೊಟ್ಟೆಕಿಚ್ಚು ಹುಟ್ಟೋದು ಲೋಕರೂಢಿ. ಇಲ್ಲಿ ಅಂಥದ್ದೇನೂ ನಡೆಯಲಿಲ್ಲ. ಇಬ್ಬರೂ ಅಣ್ಣತಮ್ಮಂದಿರ ಹಾಗೆ ಹಾಸಿಗೆಯ ಎರಡು ಪಕ್ಕ ಕೂತು, ಮುದುಕರ ಬಾಯಿಂದ ಬಂದದ್ದನ್ನ ಹಿಡಿದಿಟ್ಟರು. ಆದ್ರೆ ಕಾಲ ಬಹಳ ಉಳಿದಿರಲಿಲ್ಲ. ನವೆಂಬರಿನಲ್ಲಿ ಜ್ವರ ಶುರುವಾಯಿತು. 1642ರ ಜನವರಿ 8ರ ರಾತ್ರಿ ಗೆಲಿಲಿಯೋ ಉಸಿರು ನಿಂತಿತು. ಪಕ್ಕದಲ್ಲಿ ಮಗ, ಟೊರಿಚೆಲ್ಲಿ, ವಿವಿಯಾನಿ ಇದ್ದರು. ವಿವಿಯಾನಿಗೆ ಇನ್ನೂ 19.

ದೊರೆಗೆ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ, ಶಿಲ್ಪಿ ಮೈಕೆಲೇಂಜೆಲೊ ಸಮಾಧಿಯ ಎದುರಿಗೆ ದೊಡ್ಡ ಸಮಾಧಿ ಕಟ್ಟಿಸೋ ಆಸೆಯಿತ್ತು. ಪೋಪ್ ಎಂಟನೇ ಅರ್ಬನ್ ಒಪ್ಪಲಿಲ್ಲ. ಶಿಕ್ಷೆಗೊಳಗಾದವರಿಗೆ ಅಂಥ ಮರ್ಯಾದೆ ಸಲ್ಲದು ಅನ್ನೋ ಸಂದೇಶ ರಾಯಭಾರಿ ಮೂಲಕ ಬಂತು. ದೊರೆ ಹೆದರಿದರು. ಅದೇ ಚರ್ಚಿನ ಒಳಬದಿ, ಗಂಟೆ ಗೋಪುರದ ಕೆಳಗಿನ ಒಂದು ಕಿರುಕೋಣೆಯಲ್ಲಿ, ಸದ್ದುಗದ್ದಲ ಇಲ್ಲದೆ ಹೂಳಲಾಯಿತು. ಮೇಲೆ ಒಂದು ಕಲ್ಲೂ ಇಲ್ಲ.

ಆ 19ರ ಹುಡುಗ ಅದನ್ನ ನೋಡಿದ. ಆಮೇಲೆ ಅವನು ಬದುಕಿದ್ದು 61 ವರ್ಷ.

ಆ 61 ವರ್ಷದಲ್ಲಿ ವಿವಿಯಾನಿ ದೊಡ್ಡ ಮನುಷ್ಯರಾದರು, ಇನ್ನು ಅವರನ್ನ ಹುಡುಗ ಅನ್ನೋ ಹಾಗಿಲ್ಲ. ಟೊರಿಚೆಲ್ಲಿ ಹೇಳಿದಂತೆ ಗಾಜಿನ ಕೊಳವೆಗೆ ಪಾದರಸ ತುಂಬಿ ತಲೆಕೆಳಗು ಮಾಡಿ, ಗಾಳಿಗೂ ಒತ್ತಡ ಇದೆ ಅಂತ ತೋರಿಸಿದ 1644ರ ಪ್ರಯೋಗ ಮಾಡಿದ್ದು ಇವರ ಕೈ. ಇನ್ನೊಬ್ಬ ವಿಜ್ಞಾನಿ ಬೊರೆಲ್ಲಿ ಜೊತೆ ಸೇರಿ ತೋಪು ಹಾರಿಸಿ, ಬೆಳಕು ಕಂಡ ಎಷ್ಟು ಹೊತ್ತಿಗೆ ಸದ್ದು ಕೇಳುತ್ತೆ ಅಂತ ಎಣಿಸಿ ಶಬ್ದದ ವೇಗ ಅಳೆದರು. ಸೆಕೆಂಡಿಗೆ 350 ಮೀಟರ್ ಅನ್ನೋ ಅವರ ಲೆಕ್ಕ ಇವತ್ತಿನ ಲೆಕ್ಕಕ್ಕೆ ತೀರಾ ಹತ್ತಿರ. ಮೂರೂ ಬದಿ ಸಮ ಇರೋ ತ್ರಿಕೋನಾಕಾರದ ಹೊಲದೊಳಗೆ ಎಲ್ಲೇ ನಿಂತರೂ, ಮೂರು ಬದುಗಳಿಗೆ ನೇರ ಅಳೆದ ದೂರ ಕೂಡಿದರೆ ಮೊತ್ತ ಬದಲಾಗಲ್ಲ ಅನ್ನೋ ಪ್ರಮೇಯಕ್ಕೆ ಇವತ್ತಿಗೂ ಅವರದೇ ಹೆಸರು. ಹೊಟ್ಟೆಪಾಡಿಗೆ ಅರ್ನೊ ನದಿಯ ಪ್ರವಾಹ, ದಡ, ಹೂಳು ನೋಡಿಕೊಳ್ಳೋ ಎಂಜಿನಿಯರ್ ಕೆಲಸ. ಫ್ರಾನ್ಸಿನ 14ನೇ ಲೂಯಿ ಪಿಂಚಣಿ ಕೊಟ್ಟ. ಹೊರದೇಶಗಳಿಂದ ಕೆಲಸಕ್ಕೆ ಕರೆ ಬಂದ್ರೂ ಊರು ಬಿಟ್ಟು ಹೋಗಲಿಲ್ಲ. ಇಷ್ಟೆಲ್ಲ ಇದ್ದೂ ತಮ್ಮನ್ನ ಪರಿಚಯಿಸಿಕೊಳ್ಳೋಕೆ ಬಳಸಿದ್ದು ಒಂದೇ ಬಿರುದು, ಗೆಲಿಲಿಯೋರ ಕೊನೆಯ ಶಿಷ್ಯ ಅಂತ.

1654ರಲ್ಲಿ ಗುರುವಿನ ಜೀವನ ಬರೆದರು, ದೊರೆಯ ತಮ್ಮ ಲಿಯೊಪೋಲ್ಡೊಗೆ ಬರೆದ ಪತ್ರದ ರೂಪದಲ್ಲಿ. ಪೀಸಾ ಗೋಪುರ, ಚರ್ಚಿನ ದೀಪ ಬಂದದ್ದು ಇದರಲ್ಲೇ. ಗೆಲಿಲಿಯೋ ಬರೆದ ಪುಸ್ತಕಗಳಲ್ಲಿ ಗೋಪುರದ ಈ ಘಟನೆ ಇಲ್ಲ, ಹಾಗಾಗಿ ಇದು ನಡೆದೇ ಇಲ್ಲ ಅನ್ನೋ ಇತಿಹಾಸಕಾರರಿದ್ದಾರೆ. ಈಗ ಪೀಸಾ ಚರ್ಚಿನಲ್ಲಿ ಪ್ರವಾಸಿಗರಿಗೆ ತೋರಿಸೋ ದೊಡ್ಡ ದೀಪ ತೂಗುಹಾಕಿದ್ದೂ ಕಥೆಯಲ್ಲಿ ಹೇಳೋ ಕಾಲದ ನಂತರ. ಮುದುಕರು ನೆನಪಿನಿಂದ ಹೇಳಿದ್ದು, ಹುಡುಗ ಭಕ್ತಿಯಿಂದ ಕೇಳಿದ್ದು, ಹನ್ನೆರಡು ವರ್ಷ ಬಿಟ್ಟು ಬರೆದದ್ದು. ಅಲ್ಲೊಂದು ಇಲ್ಲೊಂದು ಬಣ್ಣ ಸೇರಿದ್ರೆ ಆಶ್ಚರ್ಯ ಇಲ್ಲ. ತಾತ ಹೇಳಿದ ಕಥೆಯನ್ನ ಮೊಮ್ಮಗ ಚೂರು ದೊಡ್ಡದು ಮಾಡದೇ ಇರ್ತಾನಾ? ಆದ್ರೆ ಆರ್ಚೆಟ್ರಿ ಮನೆಯ ಆ ದಿನಗಳ ವಿಷಯಕ್ಕೆ ಬಂದ್ರೆ ಇವರು ಕಣ್ಣಾರೆ ಕಂಡವರು.

ಬರೆದದ್ದು ಅಚ್ಚಾಯ್ತಾ ಅಂದ್ರೆ, ಅವರು ಬದುಕಿರೋವರೆಗೂ ಆಗಲಿಲ್ಲ. ಇನ್ನೂ ಪತ್ರ ಸಿಗಬಹುದು, ಇನ್ನೊಂದು ವಿವರ ಸೇರಿಸೋಣ ಅಂತ ಕೂಡಿಡ್ತಾ ಹೋದರು. ಭಯವೂ ಇತ್ತು. 1656ರ ಬೊಲೋನ್ಯ ಮುದ್ರಣದಲ್ಲೂ ನಿಷೇಧವಾಗಿದ್ದ ಆ ದೊಡ್ಡ ಪುಸ್ತಕ ಸೇರಿಸುವಂತಿರಲಿಲ್ಲ. ಜೀವನಚರಿತ್ರೆ ಹೊರಬಂದದ್ದು 1717ರಲ್ಲಿ.

ಗುರುವಿನ ಕೈಬರಹ, ಪತ್ರಗಳನ್ನ ಊರೂರು ಹುಡುಕಿ ಕೂಡಿಹಾಕಿದ್ದರಲ್ಲ, ಅವುಗಳನ್ನ ಯಾರಾದರೂ ಸುಟ್ಟುಹಾಕಿಯಾರು ಅನ್ನೋ ಅಂಜಿಕೆಯಿಂದ ಮನೆಯೊಳಗಿನ ಹಗೇವಿನಲ್ಲಿ ಬಚ್ಚಿಟ್ಟರು. ನಮ್ಮ ಕಡೆ ಜೋಳ, ರಾಗಿ ತುಂಬಿಡ್ತಿದ್ದ ಹಗೇವು ಇತ್ತಲ್ಲ, ಅಂಥದ್ದೇ ಕಾಳಿನ ಗುಂಡಿ. ಅವರು ಸತ್ತ ಮೇಲೆ ಮನೆ ಬೇರೆಯವರ ಕೈಗೆ ಹೋಯಿತು. ಗುಂಡಿಯಲ್ಲಿದ್ದದ್ದು ಹಳೇ ರದ್ದಿ ಅಂದುಕೊಂಡು ತೂಕಕ್ಕೆ ಹಾಕಿದರು. ಮುಂದೊಂದು ದಿನ ನೆಲ್ಲಿ ಅನ್ನೋ ಫ್ಲಾರೆನ್ಸಿನ ವಿದ್ವಾಂಸರು ಅಂಗಡಿಯಲ್ಲಿ ಮಾಂಸ ಕೊಂಡು, ಕಟ್ಟಿಕೊಟ್ಟ ಕಾಗದ ಬಿಚ್ಚಿ ನೋಡ್ತಾರೆ, ಗೆಲಿಲಿಯೋ ಪತ್ರ! ಸದ್ದು ಮಾಡದೆ ಅಂಗಡಿಗೆ ಹಿಂದಿರುಗಿ, ರದ್ದಿ ಎಲ್ಲಿಂದ ಬಂತು ಅಂತ ವಿಚಾರಿಸಿ, ಉಳಿದಿದ್ದನ್ನೆಲ್ಲ ಕೊಂಡುಕೊಂಡರು ಅನ್ನೋದು ಅಲ್ಲಿ ಹೆಸರಾದ ಕಥೆ. ಪೊಟ್ಟಣ ಕಟ್ಟಿ ಹೋದದ್ದು ಎಷ್ಟೋ. ಹೀಗೆ ಬದುಕುಳಿದ ಕಾಗದಗಳು ಈಗ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.

ಸಮಾಧಿ ಮಾತ್ರ ವಿವಿಯಾನಿಯವರನ್ನ ಕೊನೆವರೆಗೂ ಕಾಡಿತು. ಚರ್ಚು ಒಪ್ಪಲ್ಲ, ದೊರೆ ಮುಂದೆ ಬರಲ್ಲ. ವಯಸ್ಸು 70 ದಾಟಿತು. ಸರಿ, ಯಾರ ಅಪ್ಪಣೆಯೂ ಬೇಡದ ಗೋಡೆ ಒಂದಿದೆಯಲ್ಲ ಅಂತ, 1693ರಲ್ಲಿ ತಮ್ಮ ಸ್ವಂತ ಮನೆಯ ಮುಂಭಾಗವನ್ನೇ ಗುರುವಿನ ಸ್ಮಾರಕ ಮಾಡಿಬಿಟ್ಟರು. ಬಾಗಿಲ ಮೇಲೆ ಗೆಲಿಲಿಯೋ ಮುಖಶಿಲ್ಪ, ಎರಡೂ ಪಕ್ಕ ಎತ್ತರದ ಫಲಕಗಳಲ್ಲಿ ಗೆಲಿಲಿಯೋ ಏನೇನು ಕಂಡುಹಿಡಿದರು ಅನ್ನೋ ಬರಹ. ಬೀದಿಯಲ್ಲಿ ಹೋಗೋರು ತಲೆಯೆತ್ತಿ ಓದಲಿ ಅಂತ. ಆ ಮನೆ ಇವತ್ತಿಗೂ ಫ್ಲಾರೆನ್ಸಿನಲ್ಲಿದೆ, ಫಲಕದ ಮನೆ ಅನ್ನೋ ಅರ್ಥದ ಹೆಸರಿಂದಲೇ ಜನ ಗುರುತಿಸ್ತಾರೆ.

ಆಸ್ತಿಯನ್ನ ವಾರಸುದಾರರಿಗೆ ಬಿಡುವಾಗ ಉಯಿಲಿನಲ್ಲಿ ಒಂದು ಷರತ್ತು ಹಾಕಿದರು: ಗೆಲಿಲಿಯೋಗೆ ಸಾಂತಾ ಕ್ರೋಚೆಯಲ್ಲಿ ತಕ್ಕ ಸಮಾಧಿ ಕಟ್ಟಿಸಬೇಕು. 1703ರ ಸೆಪ್ಟೆಂಬರ್ 22ರಂದು, 81ರ ವಯಸ್ಸಲ್ಲಿ ವಿವಿಯಾನಿ ತೀರಿಕೊಂಡರು. ಅವರನ್ನ ಹೂತಿದ್ದು ಅದೇ ಕಿರುಕೋಣೆಯಲ್ಲಿ, ಗುರುವಿನ ಹತ್ತಿರ.

ಷರತ್ತು ನೆರವೇರೋಕೆ ಮತ್ತೆ 34 ವರ್ಷ ಹಿಡೀತು. 1737ರ ಮಾರ್ಚ್ 12ರ ಸಂಜೆ, ಚರ್ಚಿನ ದೊಡ್ಡ ಹಜಾರದಲ್ಲಿ ಮೈಕೆಲೇಂಜೆಲೊ ಎದುರಿಗೆ ಎದ್ದಿದ್ದ ಹೊಸ ಸಮಾಧಿಗೆ ಸಾಗಿಸೋಕೆ ಆ ಕಿರುಕೋಣೆ ತೆರೆದರು. ವಿವಿಯಾನಿ ಪೆಟ್ಟಿಗೆ ಸಿಕ್ಕಿತು. ಗೆಲಿಲಿಯೋ ಇದ್ದಾರೆ ಅಂದುಕೊಂಡ ಜಾಗ ಬಿಚ್ಚಿದರೆ ಒಂದರ ಬದಲು ಎರಡು ಪೆಟ್ಟಿಗೆ. ಒಂದರಲ್ಲಿ ಮುದುಕರ ಮೂಳೆ. ಇನ್ನೊಂದರಲ್ಲಿ ಒಬ್ಬ ಹೆಂಗಸಿನದು. ಯಾರದ್ದು ಅಂತ ಬರೆದಿರಲಿಲ್ಲ. 33ಕ್ಕೇ ಹೋದ ಮಗಳು ಮರಿಯ ಚೆಲೆಸ್ತೆಯದೇ ಅನ್ನೋದು ಈಗ ಹೆಚ್ಚಿನವರ ನಂಬಿಕೆ. ಆಗ ಅಲ್ಲಿ ನೆರೆದಿದ್ದ ಅಭಿಮಾನಿಗಳು ಗೆಲಿಲಿಯೋ ಕೈಯ ಮೂರು ಬೆರಳು, ಒಂದು ಹಲ್ಲು ಕಿತ್ತು ಇಟ್ಟುಕೊಂಡರು. ಅವು ಈಗ ಫ್ಲಾರೆನ್ಸಿನ ಗೆಲಿಲಿಯೋ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗಿವೆ. ಉಳಿದದ್ದನ್ನ, ಜೊತೆಗೆ ಹೆಂಗಸಿನ ಮೂಳೆಯನ್ನ, ವಿವಿಯಾನಿಯವರದ್ದನ್ನ, ಮೂರನ್ನೂ ಹೊಸ ಸಮಾಧಿಯೊಳಗೆ ಒಟ್ಟಿಗೇ ಇಟ್ಟು ಮುಚ್ಚಿದರು.